ಬೆಕ್ಕಿನ ಕೊರಳ ಬೋಣಿ

“ಐದು ಮಕ್ಕಳನ್ನ ಹಡದೀನಿ, ಎರಡು ಎಮ್ಮಿ ಸಾಕೀನಿ, ಕುಡುಕ ಗಂಡನ ಕೂಡ ನಲವತ್ತು ವರ್ಷ ಬಾಳೇ ಮಾಡೀನಿ! ಒಂದು ಬೆಕ್ಕಿನ ಉಚ್ಚಿ ನನಗ ಯಾವ ಲೆಕ್ಕರಿ, ಡಾಕ್ಟ್ರಬಾಯಿ?”

ಶನಿವಾರ ಮಧ್ಯಾಹ್ನ ಗೋವಾದ ವಾಸ್ಕೋದ ಒಂದು ಪ್ರಾಣಿಗಳ ದವಾಖಾನೆಯಲ್ಲಿ, ಎರಡು ನಾಯಿ, ಒಂದು ಗಿಳಿ ಮತ್ತು ಅವುಗಳ ಯಜಮಾನರೆದುರು, ಸಮುದ್ರದಂಡೆಯಲ್ಲಿ ಕಸೂತಿ ಅರಿವೆಯ ಗಂಟು ಹೊತ್ತು ಮಾರುವ ಲಂಬಾಣಿ ಧಾಮಿಬಾಯಿ ಹೊರಡಿಸಿದ ಘನಘೋಷಣೆ ಇದು. ಗಿಳಿ ಕೂಡ ಮಾತು ನಿಲ್ಲಿಸಿ ಕೇಳಿತು!

ಬೆಕ್ಕಿನ ಹೆಸರು ಉಂಡೋ. ಆರು ವರ್ಷದ ಹಿಂದೆ, ಗಂಡ ಥಾವರಪ್ಪ ತೀರಿಕೊಂಡ ಮರುತಿಂಗಳು, ಪಾವು ಮಾರುವ ಪೋದೇರನ ಸೈಕಲ್ಲಿನ ಹಿಂದೆ ಹಿಂದೆ ಮಂಗೋರ್ ಹಿಲ್ ಹತ್ತಿ ಬಂದು ಧಾಮಿಬಾಯಿಯ ಹೊಸ್ತಿಲ ಮೇಲೆ ಕುಳಿತವನು ಮತ್ತೆ ಏಳಲೇ ಇಲ್ಲ. ಮೈ ದುಂಡಗೆ, ಬೆನ್ನು ಕೆಂಪಗೆ, ಥೇಟ್ ಬುಟ್ಟಿಯಿಂದ ಉರುಳಿಬಿದ್ದ ಉಂಡೋ ಪಾವು! ಹೆಸರಿಡಲು ಪಂಚಾಂಗ ಬೇಕಾಗಲಿಲ್ಲ. “ಪ್ರೀತಿ ಗೀತಿ ಏನಿಲ್ಲವ್ವಾ. ಮನ್ಯಾಗ ಬಯ್ಯಾಕ ಒಂದು ಜೀವ ಬೇಕಲ್ಲ?” ಎಂದು ಅವಳು ಪಕ್ಕದ ಮನೆಯ ಹುಲಿಗೆವ್ವನಿಗೆ ಆಗಲೇ ಹೇಳಿಬಿಟ್ಟಿದ್ದಳು. ಅಂದಿನಿಂದ ಥಾವರಪ್ಪನ ಪಾಲಿನ ಬೈಗುಳವೆಲ್ಲ ಒಂದು ಹನಿಯೂ ಸೋರದೆ ಉಂಡೋನಿಗೇ ಸಂದಾಯವಾಗುತ್ತಿತ್ತು.

ಅಂಥ ಉಂಡೋ ಕಳೆದ ಬುಧವಾರ ಮೂಲೆಯಲ್ಲಿ ಕುಕ್ಕರಿಸಿ ಕುಳಿತು ತಿಣುಕಿದ, ಕೂಗಿದ, ಒಂದು ಹನಿ ಬರಲಿಲ್ಲ. ಹೊಟ್ಟೆ ಕಲ್ಲಾಯಿತು. ಧಾಮಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನನ್ನು ಎದೆಗವಚಿ, ರಿಕ್ಷಾದಲ್ಲಿ ಬೈಯುತ್ತ ಬೈಯುತ್ತ ದವಾಖಾನೆಗೆ ಬಂದಿದ್ದಳು. ಒಣ ಸೀಗಡಿ ತಿಂದು ತಿಂದು ನೀರು ಮುಟ್ಟದ ಗಂಡುಬೆಕ್ಕು; ಉಚ್ಚೆಯ ದಾರಿಯಲ್ಲಿ ಮರಳಿನಂಥ ಹರಳು ಕಟ್ಟಿಕೊಂಡಿತ್ತು. ಡಾಕ್ಟರ್ ಪರ್ವೀನ, ಹುಬ್ಬಳ್ಳಿ ಕಡೆಯ ಹೆಣ್ಣುಮಗಳು, ಸಣ್ಣ ನಳಿಗೆ ತೂರಿಸಿ ದಾರಿ ಬಿಡಿಸಿ, ಮೂರು ದಿನ ಇಟ್ಟುಕೊಂಡು ಇವತ್ತು ಮನೆಗೆ ಬಿಡುತ್ತಿದ್ದರು. ಬಿಡುವ ಮುನ್ನ ಅವನ ಕೊರಳಿಗೆ ಪ್ಲಾಸ್ಟಿಕ್ಕಿನ ಒಂದು ಅಗಲ ಬಾಯಿಯ ಕೋನ್ ತೊಡಿಸಿ, ಬೆರಳು ಮಡಚಿ ಮಡಚಿ ಹೇಳತೊಡಗಿದರು.

“ಕೇಳ್ರಿ ಧಾಮಿಬಾಯಿ. ಒಂದನೇದ್ದು, ಈ ಕೋನ್ ಒಂದು ವಾರ ಕೊರಳಾಗ ಇರಬೇಕು. ಇಲ್ಲಂದ್ರ ನೆಕ್ಕಿ ನೆಕ್ಕಿ ಗಾಯ ಮಾಡ್ಕೊಂತಾನ. ಎರಡನೇದ್ದು, ಒಣಮೀನ ಬಂದ್. ನಾ ಕೊಟ್ಟಿದ್ದ ಹಾಕ್ರಿ, ಜೋಡಿ ನೀರು, ನೀರು, ನೀರು. ಮೂರನೇದ್ದು, ಉಚ್ಚಿ ಹೊಯ್ಯೂದನ್ನ ನಿಮ್ಮ ಕಣ್ಣಲೇ ನೋಡಿ ಎಷ್ಟು ಹೊಯ್ದ ಅಂತ ನನಗ ಹೇಳಬೇಕು. ಮತ್ತ ಅವ ಉಚ್ಚಿಗೆ ಕುಂದ್ರೂ ಮುಂದ ನೀವು...”

ಸರಿಯಾಗಿ ಇಲ್ಲಿಯೇ ಧಾಮಿಬಾಯಿ ತನ್ನ ಐದು ಮಕ್ಕಳನ್ನೂ ಎರಡು ಎಮ್ಮೆಗಳನ್ನೂ ದವಾಖಾನೆಯೊಳಗೆ ನುಗ್ಗಿಸಿದ್ದು. ಡಾಕ್ಟರು ತಮ್ಮ ಮಾತು ಮುಗಿಸಿದರು ನಿಜ. ಆದರೆ ಎಮ್ಮೆ ದೊಡ್ಡ ಪ್ರಾಣಿ. ಅದರ ಮೈ ದಾಟಿ ಮಾತು ಈಚೆಗೆ ಬರಲಿಲ್ಲ. ಜೊತೆಗೆ ಬಂದು ಹಿಂದೆ ನಿಂತಿದ್ದ ಹುಲಿಗೆವ್ವ ಮಾತ್ರ ಕತ್ತು ಚಾಚಿ ಕೇಳಿಸಿಕೊಂಡಳು.

“ನೋಡ್ರಿ, ಈಗ ಅವನ ಉಚ್ಚಿ ಚೀಲ ಖಾಲಿ ಮಾಡೇನಿ,” ಎಂದರು ಡಾಕ್ಟರು, ನಗದೆ. “ನಾಳೆ ಮಧ್ಯಾಹ್ನದೊಳಗ ತಾನಾಗೇ ಹೊಯ್ಯಬೇಕು. ಹೊಯ್ಯಲಿಲ್ಲ, ಇಲ್ಲಾ ನಡುವ ಒದ್ದಾಡಿದ ಅಂದ್ರ ನನಗ ಫೋನ್ ಮಾಡಿ ಹಂಗ ಕರ್ಕೊಂಡು ಬರ್ರಿ. ಈ ಸಲ ಆಪರೇಷನ್ನ. ಅವನ ಮೈ ತಡೀತೈತಿ ಅಂತ ನಾ ಮಾತು ಕೊಡೂದಿಲ್ಲ.”

ಧಾಮಿಬಾಯಿ ಉಂಡೋನನ್ನು ಎದೆಗವಚಿಕೊಂಡಳು. ಅಂಜಿದಾಗಲೆಲ್ಲ ಅವಳ ದನಿ ದೊಡ್ಡದಾಗುತ್ತದೆ. “ಒಂದು ವಾರ ನಾ ಹೊಸ್ತಿಲಾ ದಾಟೂದಿಲ್ಲ! ಗಂಟು ಬಿಚ್ಚೂದಿಲ್ಲ! ವ್ಯಾಪಾರ ಬಂದ್! ದಾಟಿದ್ರ ನನ್ನ ಹೆಸರು ಧಾಮಿಬಾಯಿ ಅಲ್ಲ!”

ಗಿಳಿ ಮತ್ತೆ ಮಾತು ಶುರುಮಾಡಿತು.

ಹೊರಗೆ ಬರುತ್ತಲೇ ಹುಲಿಗೆವ್ವ ಬಾಯಿ ತೆರೆದಳು. “ಅಲ್ಲಬೇ, ಡಾಕ್ಟ್ರು ಕಡೀಕ ಇನ್ನೊಂದು ಏನೋ ಅಂದ್ರು, ಕುಂದ್ರೂ ಮುಂದ...”

“ನೀ ಸುಮ್ಮನಿರವ್ವ. ನನಗ ಕಿವಿ ಐತಿ!”

ಮನೆ ಸೇರಿದ ಉಂಡೋನ ಅವಸ್ಥೆ ಹೇಳತೀರದು. ಕೊರಳಲ್ಲಿ ಕೋನ್ ಬಂದ ಕೂಡಲೆ ಅವನಿಗೆ ಮುಂದೆ ಹೋಗುವುದೇ ಮರೆತುಹೋಯಿತು. ಹಿಂದಕ್ಕೆ ಹಿಂದಕ್ಕೆ ನಡೆದ, ವಾಸ್ಕೋ ಸ್ಟ್ಯಾಂಡಿನ ಬಸ್ಸು ರಿವರ್ಸ್ ಬಂದ ಹಾಗೆ! ಹಿಂದಕ್ಕೆ ಬಂದು ಕೊಡಕ್ಕೆ ಗುದ್ದಿದ, ಕೊಡ ಉರುಳಿತು. ಬೆದರಿ ಮುಂದಕ್ಕೆ ಹಾರಿದ. ಕೋನಿನೊಳಗೆ ಚಹಾದ ಲೋಟ ಸಿಕ್ಕಿಕೊಂಡಿತು. ಲೋಟದ ಸದ್ದಿಗೆ ಹೆದರಿ ಟ್ರಂಕು ಮತ್ತು ಗೋಡೆಯ ನಡುವಿನ ಸಂದಿಗೆ ನುಗ್ಗಿದ. ಉಂಡೋ ಸಂದಿಯೊಳಗೆ ಹೋದ, ಕೋನ್ ಹೋಗಲಿಲ್ಲ. ಲಟಕ್ ಎಂದು ಅದು ಎರಡು ಹೋಳಾಯಿತು.

ಮೊದಲನೆಯ ಮಾತು ಮುರಿದದ್ದು ಮನೆಗೆ ಬಂದ ಅರ್ಧ ಗಂಟೆಯಲ್ಲಿ!

ದವಾಖಾನೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ, ಮುಚ್ಚಿಯಾಗಿತ್ತು; ನಾಳೆ ಭಾನುವಾರ, ಹೊಸ ಕೋನ್ ಇನ್ನು ಸೋಮವಾರಕ್ಕೆ. ಆದರೆ ಧಾಮಿಬಾಯಿ ಹೆದರುವವಳೆ? “ಜಗತ್ತಿನ ಹೆಂಗಸರ ಕೊರಳಿಗೆ, ಹೆಗಲಿಗೆ, ಸೊಂಟಕ್ಕ ಹೊಲಿದೇನಿ. ಒಂದು ಬೆಕ್ಕಿನ ಕೊರಳು ನನಗ ಭಾರ ಆಗತೈತೇನು?” ಎಂದು ಸೂಜಿ ಹಿಡಿದಳು. ಅರಿವೆಯೇನೋ ಗಂಟಿನಲ್ಲಿ ಬೇಕಾದಷ್ಟಿತ್ತು. ಅದು ನೆಟ್ಟಗೆ ನಿಲ್ಲಲು ಒಳಗೆ ಗಟ್ಟಿಯಾದದ್ದೊಂದು ಬೇಕಲ್ಲ? ಟ್ರಂಕಿನ ತಳದಲ್ಲಿ ಥಾವರಪ್ಪನ ಎದೆಯ ಎಕ್ಸ್‌ರೇ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದಳು. ಎರಡು ಪುಪ್ಪುಸ, ಸಾಲು ಎಲುಬು, ನಡುವೆ ಓರೆಯಾಗಿ ಕುಳಿತ ಹೃದಯ.

“ಇದ್ದಾಗ ಒಂದು ಕೆಲಸಕ್ಕ ಬರಲಿಲ್ಲ,” ಎಂದಳು ಎಕ್ಸ್‌ರೇಗೆ. “ಈಗರ ಬಾ.”

ಕತ್ತರಿ ಆಡಿಸುವ ಮುನ್ನ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು. ಅದನ್ನು ಹುಲಿಗೆವ್ವ ನೋಡಿದಳು, ನೋಡದವಳಂತೆ ಗೋಡೆ ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಕೋನ್ ಸಿದ್ಧ! ಕೆಂಪು ಅರಿವೆ, ಅಂಚಿಗೆ ಕವಡೆ, ಮೈತುಂಬ ಇಪ್ಪತ್ತೊಂದು ಕನ್ನಡಿ, ಕಟ್ಟಲು ಉಣ್ಣೆಯ ಗೊಂಡೆ. ಬರೀ ಕೋನ್ ಸಾಕಿತ್ತು. ಆದರೆ ಕನ್ನಡಿಯಿಲ್ಲದ ಅರಿವೆಯನ್ನು ಕೈಯಿಂದ ಕೆಳಗಿಡುವುದು ಧಾಮಿಬಾಯಿಗೆ ದೃಷ್ಟಿಬೊಟ್ಟು ಇಡದೆ ಕೂಸನ್ನು ಹೊರಗೆ ಕಳಿಸಿದ ಹಾಗೆ, ಸಮಾಧಾನವಿಲ್ಲ. ತೊಡಿಸಿದಾಗ ಉಂಡೋ ಮದುಮಗನಾದ. ಓಣಿಯೆಲ್ಲ ಬಂದು ನೋಡಿತು. “ಹುಡುಗಿ ಯಾವ ಊರಾಕಿಬೇ?” ಎಂದು ಕೇಳಿತು.

ಮದುಮಗ ಮಾತ್ರ ಉಚ್ಚೆ ಹೊಯ್ಯಲಿಲ್ಲ.

ಭಾನುವಾರ ಬೆಳಗಾಯಿತು. ಬೆಕ್ಕಿನ ಉಚ್ಚೆಗೆಂದು ಅಂಗಡಿಯಿಂದ ತಂದ ಬಿಳಿ ಹರಳು ತುಂಬಿದ ಟ್ರೇ ಹಾಸಿದ ಹಾಗೇ ಇತ್ತು. ಉಂಡೋ ಅದರ ಹತ್ತಿರ ಹೋಗುತ್ತಿದ್ದ, ಒಂದು ಕಾಲು ಇಡುತ್ತಿದ್ದ, ಕೋನಿನ ಅಂಚು ಟ್ರೇಗೆ ಟಕ್ ಎನ್ನುತ್ತಿತ್ತು, ತಿರುಗಿ ಬರುತ್ತಿದ್ದ. ಧಾಮಿಬಾಯಿ ಎದುರಿಗೆ ಕುಕ್ಕರಿಸಿ ಕುಳಿತು “ಸ್ಸ್ಸ್ಸ್...” ಎಂದು ಕೂಸಿಗೆ ಮಾಡುವ ಹಾಗೆ ಸದ್ದು ಮಾಡಿದಳು. ಒಂದು ಗಂಟೆ ಮಾಡಿದಳು. ಕೊನೆಗೆ ಎದ್ದು ಬಚ್ಚಲಿಗೆ ಹೋಗಬೇಕಾಗಿ ಬಂದದ್ದು ಧಾಮಿಬಾಯಿಗೇ!

“ಅಲ್ಲವ್ವಾ ಧಾಮಿಬಾಯಿ,” ಗೋಡೆಯ ಮೇಲಿಂದ ಹುಲಿಗೆವ್ವನ ತಲೆ ಎದ್ದಿತು, “ಡಾಕ್ಟ್ರು ಹೇಳಿದ್ದು ನೆಪ್ಪೈತೇನು? ಕುಂದ್ರೂ ಮುಂದ ಆ ಬುಟ್ಟಿ...”

“ಬುಟ್ಟಿ ಅಂದ್ಯಾ? ಇಪ್ಪತ್ತೊಂದು ಕನ್ನಡಿ ಕುಂದ್ರಿಸೇನಿ, ಬುಟ್ಟಿ ಅಂತಾಳ! ತಡಿ, ನನಗ ಹೊಳೀತು. ಇವ ಸಮುದ್ರದ ದಂಡಿ ಮ್ಯಾಲ ಹುಟ್ಟಿದಾಂವ. ಅಂಗಡಿ ಹರಳು ಇವಗ ಹೆಂಗ ಹಿಡಸೀತು? ಇವಗ ಉಸುಕು ಬೇಕು, ಉಸುಕು!”

“ಹೊಸ್ತಿಲಾ ದಾಟೂದಿಲ್ಲ ಅಂದಿದ್ದಿ?”

“ನನ್ನ ಸಲುವಾಗಿ ದಾಟೂದಿಲ್ಲ ಅಂದಿದ್ದೆ. ಇದು ಬೆಕ್ಕಿನ ಸಲುವಾಗಿ!”

ಹೀಗೆ ಕೇವಲ ಬೆಕ್ಕಿನ ಸಲುವಾಗಿ ಹೊರಟ ಧಾಮಿಬಾಯಿಯ ತಲೆಯ ಮೇಲೆ ಚೀಲ, ದಿಂಬಿನ ಗವಸು, ದುಪ್ಪಟ್ಟಗಳ ಗಂಟು ಹೇಗೆ ಬಂದು ಕುಳಿತಿತೋ ಆ ಗುರು ಸೇವಾಲಾಲನೇ ಬಲ್ಲ! ನವೆಂಬರಿನ ಭಾನುವಾರ, ಬೋಗ್ಮಾಳೊ ದಂಡೆಯಲ್ಲಿ ಪ್ರವಾಸಿಗರು ಇರುವೆಯಂತೆ ಇರುತ್ತಾರೆ ಎಂಬ ವಿಚಾರ ಅವಳ ಮನಸ್ಸಿಗೆ ಬಂದೇ ಇರಲಿಲ್ಲ ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಬಸ್ಸಿನಲ್ಲಿ ಕಂಡಕ್ಟರ್ ಉಂಡೋನನ್ನು ಕೂರಿಸಿದ್ದ ಬುಟ್ಟಿಯೊಳಗಿನ ಕನ್ನಡಿ ನೋಡಿ, “ಹೊ ಕೋಣ್? ನವ್ರೊ?” ಎಂದು ಕೊಂಕಣಿಯಲ್ಲಿ ಕೇಳಿದ. “ಹೌದಪ್ಪಾ, ಮದುಮಗನ. ಟಿಕೀಟು ಬೀಗರ ಹತ್ರ ತಗೋ,” ಎಂದಳು. ಬಸ್ಸೆಲ್ಲ ನಕ್ಕಿತು. ಧಾಮಿಬಾಯಿ ಮಾತ್ರ ಡ್ರೈವರನ ತಲೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ಹತ್ತೂವರೆ.

ಮರಳಿನ ಮೇಲೆ ಉಂಡೋನನ್ನು ಇಳಿಸಿದಳು. ಅವನು ಕಾಲಿನಿಂದ ಗುಂಡಿ ತೋಡಿದ! ಧಾಮಿಬಾಯಿ ಕೈ ಮುಗಿದಳು. ಗುಂಡಿ ನೋಡಲು ಬಗ್ಗಿದ. ಕೋನಿನ ಅಂಚು ಸಲಿಕೆಯಂತೆ ಒಂದು ಮೊರ ಮರಳನ್ನು ಬಾಚಿ ಅವನ ಮುಖಕ್ಕೇ ಸುರಿಯಿತು. ಸೀನಿದ. ಇನ್ನೊಂದು ಗುಂಡಿ. ಇನ್ನೊಂದು ಮೊರ ಮರಳು. ನಾಲ್ಕನೆಯದಕ್ಕೆ ಬೇಸತ್ತು ಗಂಟಿನ ಪಕ್ಕ ಬಂದು ಕಣ್ಣು ಮುಚ್ಚಿ ಕುಳಿತುಬಿಟ್ಟ. ಹೊಟ್ಟೆ ಮುಟ್ಟಿ ನೋಡಿದಳು. ಬಿಗಿಯಾಗತೊಡಗಿತ್ತು.

“ಹೊಯ್ಯಲೇ, ನಿನ್ನ ಮನಿ ಹಾಳಾಗ! ನಿನ್ನ ಕಾಲು ಬೀಳ್ತೇನಿ, ಹೊಯ್ಯೋ ನಮ್ಮಪ್ಪಾ!” ಬೈಗುಳ ಮತ್ತು ಪ್ರಾರ್ಥನೆ ಒಂದೇ ಉಸಿರಿನಲ್ಲಿ. ಹನ್ನೊಂದೂವರೆಗೆ ಡಾಕ್ಟರಿಗೆ ಫೋನ್ ಮಾಡುವುದು ಎಂದು ನಿಶ್ಚಯಿಸಿದಳು. ಅಲ್ಲಿಯವರೆಗೆ ಕಟ್ಟಿದ ಗಂಟು ಕಟ್ಟಿದಂತೆ ಇದ್ದರೆ ಸಮುದ್ರದ ಗಾಳಿಗೆ ಅರಿವೆಗೆ ಬೂಷ್ಟು ಹಿಡಿಯುತ್ತದೆಂದು, ಕೇವಲ ಗಾಳಿಯಾಡಲೆಂದು, ಗಂಟು ಬಿಚ್ಚಿ ಹರವಿದಳು.

ಹರವಿದ್ದೇ ತಡ, ಒಂದು ದೊಡ್ಡ ಟೋಪಿ ಬಂದು ನಿಂತಿತು. ಟೋಪಿಯ ಕೆಳಗೆ ಪುಣೆಯ ಒಬ್ಬ ಬಾಯಿ. ಹರವಿದ ಸರಕಿನ ಕಡೆ ಆಕೆ ಕಣ್ಣೆತ್ತಿ ನೋಡಲಿಲ್ಲ. ನೇರವಾಗಿ ಉಂಡೋನ ಕೊರಳಿಗೆ ಬೆರಳು ತೋರಿಸಿದರು.

“ಯೇ ಲ್ಯಾಂಪ್‌ಶೇಡ್ ಕಿತನೇ ಕಾ?”

ದಂಡೆಯ ಮೇಲಿನ ವ್ಯಾಪಾರದಲ್ಲಿ ‘ಇಲ್ಲ’ ಎಂಬ ಮಾತಿಲ್ಲ. ಕೊಡಲು ಮನಸ್ಸಿಲ್ಲದಿದ್ದರೆ ಗಿರಾಕಿಯ ಎದೆ ಒಡೆಯುವ ಬೆಲೆ ಹೇಳಬೇಕು. ಗಿರಾಕಿ ತಾನಾಗಿ ಕಾಲ್ತೆಗೆಯುತ್ತದೆ. ನಲವತ್ತು ವರ್ಷದ ಈ ವಿದ್ಯೆಯನ್ನು ಧಾಮಿಬಾಯಿ ಅಲ್ಲಿಯೇ ಪ್ರಯೋಗಿಸಿದಳು. “ತೀನ್ ಹಜಾರ್!”

“ಠೀಕ್ ಹೈ,” ಎಂದರು ಪುಣೆಯ ಬಾಯಿ, ಪರ್ಸು ತೆಗೆದು.

ಧಾಮಿಬಾಯಿಯ ಕಾಲಡಿಯ ಮರಳು ಜಾರಿತು. ಚೌಕಾಶಿ ಇಲ್ಲ! ಸಿಟ್ಟಿಲ್ಲ! ನಾಲ್ಕು ಹೆಜ್ಜೆ ಹೋಗಿ ಮರಳಿ ಬರುವುದಿಲ್ಲ! ಇದೆಂಥ ಹೆಂಗಸು?

“ನಾಳೆ ಬರ್ರಿ, ಇದಕ್ಕಿಂತ ಚಲೋದು ಹೊಲಿದು ಕೊಡ್ತೀನಿ,” ಎಂದು ತನ್ನ ಹಿಂದಿಯಲ್ಲಿ ಗೋಗರೆದಳು.

“ಸಂಜೆಗೇ ನನ್ನ ವಿಮಾನ. ನಮ್ಮ ಹಾಲಿಗೆ ಇದೇ ಬೇಕು,” ಎಂದು ಆಕೆ ನೋಟು ಮುಂದೆ ಚಾಚಿದರು. “ಬೆಕ್ಕಿಗೆ ತೊಡಿಸಿ ಕೂರಿಸಿದ್ದೀರಲ್ಲ, ಅಂಗಡಿಯ ಗೊಂಬೆಗೆ ಸೀರೆ ಉಡಿಸಿದ ಹಾಗೆ! ಎಂಥ ತಲೆ ನಿಮ್ಮದು!”

ಬೇರೆ ಹೊತ್ತಾಗಿದ್ದರೆ ಧಾಮಿಬಾಯಿ ಹೇಗಾದರೂ ಪಾರಾಗುತ್ತಿದ್ದಳು. ಆದರೆ ಇದು ದಿನದ ಮೊದಲ ಗಿರಾಕಿ. ಬೋಣಿ! ತಾನೇ ಹೇಳಿದ ಬೆಲೆಗೆ ಒಪ್ಪಿದ ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಂಡೆಯ ಮೇಲೆ ಆ ಹಂಗಾಮೆಲ್ಲ ನೊಣ ಹೊಡೆಯಬೇಕು. ಅವಳ ಅವ್ವ ಹಾಗೇ ಹೇಳಿದ್ದಳು, ಅತ್ತೆಯೂ ಹಾಗೇ ಹೇಳಿದ್ದಳು. ಬೇರೆ ಯಾವ ಮಾತಿನಲ್ಲೂ ಆ ಇಬ್ಬರಿಗೆ ಹೊಂದಿಕೆಯಾದ ದಾಖಲೆಯಿಲ್ಲ. ಒಂದು ಕಡೆ ಡಾಕ್ಟರ ಮೊದಲನೆಯ ಮಾತು, ಇನ್ನೊಂದು ಕಡೆ ನಲವತ್ತು ವರ್ಷದ ಬೋಣಿ. ಧಾಮಿಬಾಯಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅವಳ ಕೈ ಅವಳನ್ನು ಕೇಳದೆಯೇ ನೋಟು ತೆಗೆದುಕೊಂಡು ಕಣ್ಣಿಗೊತ್ತಿ, ಸರಕಿಗೆ ತಾಗಿಸಿ, ಸೊಂಟಕ್ಕೆ ಸಿಕ್ಕಿಸಿಬಿಟ್ಟಿತ್ತು!

“ಹತ್ತ ನಿಮಿಷಲೇ, ಉಂಡೋ. ಒಂದು ಚೀಲ ಬಿಚ್ಚಿ ನಿನಗ ಇನ್ನೊಂದು ಹೊಲಿತೀನಿ,” ಎಂದು ಗೊಂಡೆಯ ಗಂಟು ಬಿಚ್ಚಿದಳು.

ಕೋನ್ ಕಳಚಿದ ಮರುಗಳಿಗೆ ಉಂಡೋ ಇದ್ದ ಜಾಗದಲ್ಲಿ ಉಂಡೋ ಇರಲಿಲ್ಲ.

“ಅಯ್ಯಯ್ಯೋ! ಹಿಡೀರೀ! ಪಕಡೋ! ಧರಾ ರೇ!” ಬರುವ ಎಲ್ಲ ಭಾಷೆಗಳಲ್ಲಿ ಕೂಗುತ್ತ ಧಾಮಿಬಾಯಿ ಓಡಿದಳು. ಅರವತ್ತೆಂಟು ವರ್ಷ, ಮಂಡಿನೋವು, ಮೈಮೇಲೆ ಕಾಸು ಕವಡೆಗಳ ಭಾರ, ಕಾಲಡಿ ಸಡಿಲ ಮರಳು. ನಲವತ್ತು ವರ್ಷದಲ್ಲಿ ಪೊಲೀಸರು ಸೀಟಿ ಊದಿದಾಗಲೂ ಸರಕು ಬಿಟ್ಟು ಓಡಿದವಳಲ್ಲ. ಈಗ ಗಂಟನ್ನು ಬಿಚ್ಚಿದ ಹಾಗೇ ಬಿಟ್ಟು ಓಡಿದಳು. ದೋಣಿಗಳ ಅಡಿ ಬಗ್ಗಿ ನೋಡಿದಳು. ಬಲೆಯ ರಾಶಿ ಎತ್ತಿ ನೋಡಿದಳು. ಮೀನು ಒಣಹಾಕಿದ ಕಡೆ, ತಿಂದರೆ ಸತ್ತೇಹೋಗುವ ಆ ಒಣ ಸೀಗಡಿಯ ಹತ್ತಿರವಾದರೂ ಇರಲೆಂದು ಬೇಡಿಕೊಂಡಳು. ಅಲ್ಲಿಯೂ ಇಲ್ಲ.

ಒಂದು ದೋಣಿಗೆ ಕೈಕೊಟ್ಟು ನಿಂತಳು. ತಲೆಯ ಮೇಲೆ ವಿಮಾನವೊಂದು ದಾಬೋಳಿ ನಿಲ್ದಾಣಕ್ಕೆ ಇಳಿಯುತ್ತ ಗುಡುಗಿತು. ತುಂಬಿದ ಹೊಟ್ಟೆಯ ಬೆಕ್ಕು. ಎಲ್ಲಿ ಯಾವ ಸಂದಿಯಲ್ಲಿ ಮುದುರಿ ಕುಳಿತಿದೆಯೋ. ನಾಳೆ ಮುಂಜಾನೆ ಪೋದೇರ ಹಾರ್ನ್ ಒತ್ತಿದಾಗ ಯಾರಿಗೆ ಬಯ್ಯುವುದು? “ನೋಡಾಕತ್ತೀಯೇನು?” ಎಂದಳು ಥಾವರಪ್ಪನಿಗೆ. “ನಿನ್ನ ಎದಿ ಮಾರಿಬಿಟ್ಟೆ ನೋಡು. ಮೂರು ಸಾವಿರಕ್ಕ.”

ಕಣ್ಣೊರೆಸಿಕೊಂಡು ಹಿಂತಿರುಗಿದಳು.

ಗಂಟಿನ ಸುತ್ತ ಜನ ನೆರೆದಿತ್ತು. ಪುಣೆಯ ಬಾಯಿ ಕೋನನ್ನು ಎರಡೂ ಕೈಯಲ್ಲಿ ಹೂಕುಂಡದಂತೆ ಹಿಡಿದು ನಿಂತಿದ್ದರು, ಬಾಯಿ ತೆರೆದಿತ್ತು. ಜನ ಸರಿಸಿ ಧಾಮಿಬಾಯಿ ಒಳಗೆ ತೂರಿದಳು. ಸರಕಿನ ನಟ್ಟನಡುವೆ, ಅತ್ಯಂತ ಬೆಲೆಬಾಳುವ ಕಸೂತಿ ದುಪ್ಪಟ್ಟದ ಮೇಲೆ, ಬಾಲ ನೆಟ್ಟಗೆ ಚಾಚಿ, ಕಣ್ಣು ಅರೆಮುಚ್ಚಿ, ಸಿಂಹಾಸನದ ಮೇಲಿನ ಮಹಾರಾಜನಂತೆ ಉಂಡೋ ಕುಳಿತಿದ್ದ.

ಹೊಯ್ಯುತ್ತಿದ್ದ.

ಹನಿಯಲ್ಲ. ಧಾರೆ! ನಿನ್ನೆ ಮಧ್ಯಾಹ್ನದಿಂದ ಕೂಡಿಟ್ಟ ಭಂಡಾರ! ದುಪ್ಪಟ್ಟ ದಾಟಿ ಚೀಲಕ್ಕೆ, ಚೀಲ ದಾಟಿ ದಿಂಬಿನ ಗವಸಿಗೆ!

“ಯಾರೂ ಮಾತಾಡಬ್ಯಾಡ್ರಿ!” ಧಾಮಿಬಾಯಿ ಎರಡೂ ಕೈ ಎತ್ತಿ ಪಿಸುಗುಟ್ಟಿದಳು. “ಯಾರೂ ಅಲುಗಬ್ಯಾಡ್ರಿ! ಹೊಯ್ಯಿ ಮಗನ... ಹೊಯ್ಯಿ ನನ್ನ ರಾಜಾ... ಅಲ್ಲಿ ಇನ್ನೊಂದು ಚೀಲ ಒಣಗೈತಿ, ಅದಕ್ಕೂ ಹೊಯ್ಯಿ...”

ಬೋಗ್ಮಾಳೊ ದಂಡೆ ಅಷ್ಟು ಭಕ್ತಿಯಿಂದ ಏನನ್ನೂ ನೋಡಿರಲಿಕ್ಕಿಲ್ಲ.

ಮುಗಿದ ಮೇಲೆ ಉಂಡೋ ದುಪ್ಪಟ್ಟವನ್ನು ಎರಡು ಸಲ ಕೆರೆದು ಮುಚ್ಚಲು ನೋಡಿ, ಈಚೆಗೆ ಬಂದು, ಬಾಲದ ಬುಡ ನೆಕ್ಕಲು ಶುರುಮಾಡಿದ. ಧಾಮಿಬಾಯಿ ಹಾರಿ ಅವನನ್ನು ಎತ್ತಿಕೊಂಡಳು. ಸೊಂಟದಿಂದ ನೋಟು ತೆಗೆದು ಪುಣೆಯ ಬಾಯಿಯ ಕೈಗೆ ಹಾಕಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಬೋಣಿಯ ರೊಕ್ಕ ವಾಪಸು! “ತಪ್ಪಾತ್ರಿ ಬಾಯಿ. ಅದು ಲ್ಯಾಂಪೂ ಅಲ್ಲ, ಗೀಂಪೂ ಅಲ್ಲ. ಅದು ಇವನ ಔಷಧ. ಕೊಡ್ರಿ.”

ಆ ಬಾಯಿ ಒಂದು ಗಳಿಗೆ ಕೋನಿನೊಳಗೆ ನೋಡಿದರು, ಬೆಳಕಿಗೆ ಹಿಡಿದರು. ಅಸ್ತರಿನ ಮರೆಯಲ್ಲಿ ಎಲುಬಿನ ಸಾಲು ಕಂಡಿರಬೇಕು. ಬೆಚ್ಚಿಬಿದ್ದು ಕೊಟ್ಟುಬಿಟ್ಟರು!

ಧಾಮಿಬಾಯಿ ಡಾಕ್ಟರಿಗೆ ಫೋನ್ ಹಚ್ಚಿದಳು. “ಹೊಯ್ದ ಡಾಕ್ಟ್ರಬಾಯಿ! ನನ್ನ ಕಣ್ಣಲೇ ನೋಡಿದೆ!”

“ಹೌದೇನು? ಭಾಳ ಚಲೋ ಆತು! ಎಷ್ಟು ಹೊಯ್ದ?”

ಧಾಮಿಬಾಯಿ ಸರಕಿನ ಕಡೆ ನೋಡಿ ಪ್ರಾಮಾಣಿಕವಾಗಿ ಹೇಳಿದಳು. “ಐದು ಚೀಲ, ಎರಡು ದಿಂಬಿನ ಗವಸು, ಒಂದು ದುಪ್ಪಟ್ಟರಿ.”

ಆ ಕಡೆಯಿಂದ ಡಾಕ್ಟರು ಕೇಳಿದರು, “ಆಗ ಕೋನ್ ಕೊರಳಾಗ ಇತ್ತೇನ್ರಿ?”

ಸುಳ್ಳು ಹೇಳಬಹುದಿತ್ತು. ಉಂಡೋ ಕಂಕುಳಲ್ಲಿದ್ದ, ಹೇಳಲಾಗಲಿಲ್ಲ. “ಇರಲಿಲ್ಲರಿ. ನಾನ ತೆಗದಿದ್ದೆ. ತಪ್ಪಾತ್ರಿ.”

“ತಪ್ಪೇನು ಬಂತರಿ ಇದರಾಗ? ನಾ ಹೇಳಿದ್ದೂ ಅದನ್ನರಿ! ಅವ ಉಚ್ಚಿಗೆ ಕುಂದ್ರೂ ಮುಂದ ನೀವು ಎದುರಿಗಿದ್ದು ಕೋನ್ ತೆಗೀರಿ, ಅಂಚು ಬಡದು ಹೆದರ್ತಾನ, ಆದ ಕೂಡಲೆ ಮತ್ತ ಹಾಕ್ರಿ ಅಂತ ಹೇಳಿದ್ನಲ್ಲ?” ಡಾಕ್ಟರು ಉಸಿರು ಬಿಟ್ಟರು. “ನೀವು ಆಗ ಎಮ್ಮಿ ಮೇಯಸಾಕ ಹೋಗಿದ್ರಿ.”

ಸಂಜೆ ಧಾಮಿಬಾಯಿ ವಾಸನೆ ಬೀರುವ ಗಂಟು ಹೊತ್ತು ಓಣಿ ಹತ್ತಿದಾಗ ಹುಲಿಗೆವ್ವ ಮೂಗಿಗೆ ಸೆರಗು ಹಿಡಿದು ಎಲ್ಲ ಕೇಳಿಸಿಕೊಂಡಳು. “ಅದನ್ನ ನಾ ಎರಡು ಸಲ ಹೇಳಾಕ ಬಂದೆ. ಒಮ್ಮೆ ಕಿವಿ ಐತಿ ಅಂದಿ, ಒಮ್ಮೆ ಕನ್ನಡಿ ಎಣಸಿದಿ.” “ನೀ ಹೇಳಿದ್ದ ಖರೇ ಬಿಡವ್ವಾ,” ಎಂದಳು ಧಾಮಿಬಾಯಿ. ಮಂಗೋರ್ ಹಿಲ್ಲಿನಲ್ಲಿ ಇದು ಜನ ಎದ್ದು ಬಂದು ನೋಡುವಂಥ ಸಂಗತಿ!

ಆ ವಾರವೆಲ್ಲ ಧಾಮಿಬಾಯಿ ಹೊಸ್ತಿಲು ದಾಟಲಿಲ್ಲ, ವ್ಯಾಪಾರ ಮಾಡಲಿಲ್ಲ. ದಾಟುವುದೆಲ್ಲಿಂದ ಬಂತು? ಸರಕೆಲ್ಲ ಸಾಬೂನು ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ನೇತಾಡುತ್ತಿತ್ತು. ದಿನಾ ಬೆಳಗ್ಗೆ ಅವಳು ಟ್ರೇಯ ಮುಂದೆ ಕುಕ್ಕರಿಸಿ, ಗೊಂಡೆಯ ಗಂಟು ಬಿಚ್ಚಿ, ಕೋನನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿ ಕಾಯುತ್ತಿದ್ದಳು. ಪೋದೇರನ ಹಾರ್ನ್ ಕೇಳಿಸುವ ಹೊತ್ತಿಗೆ ಗೋಡೆಯ ಮೇಲಿಂದ ಹುಲಿಗೆವ್ವನ ತಲೆ ಏಳುತ್ತಿತ್ತು.

“ಏನಬೇ ಧಾಮಿಬಾಯಿ, ಬೋಣಿ ಆತೇನು?”

“ಆತವ್ವಾ,” ಎನ್ನುತ್ತಿದ್ದಳು ಧಾಮಿಬಾಯಿ, ಕೋನನ್ನು ಕಣ್ಣಿಗೊತ್ತಿಕೊಂಡು. “ಚೌಕಾಶಿ ಇಲ್ಲದಂಗ!”